ಸಂತೆಯ ಹೆಸರು ಹೊತ್ತ ರತ್ನಗಂಬಳಿ

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ಅಜ್ಜ ಅಥವಾ ಅಜ್ಜಿಯ ಪಕ್ಕದಲ್ಲಿ ಕುಳಿತು ತುರ್ಕಮೆನಿಸ್ತಾನದ ಧ್ವಜವನ್ನು ಹುಡುಕಿ. ಹಸಿರು ಧ್ವಜ, ಮೇಲೆ ಬಿಳಿಯ ಬಿದಿಗೆ ಚಂದ್ರ, ಐದು ನಕ್ಷತ್ರ. ಕಂಬದ ಕಡೆಗೆ ಒಂದು ಕೆಂಪು ಪಟ್ಟಿ. ಅದರೊಳಗೆ ಒಂದರ ಕೆಳಗೊಂದರಂತೆ ಐದು ಚಿತ್ತಾರಗಳಿವೆ. ಅವು ಎಲ್ಲಿಂದ ಬಂದವು ಗೊತ್ತೇ? ಹೆಂಗಸರು ನೇಯ್ದ ರತ್ನಗಂಬಳಿಗಳಿಂದ! ನಾವು ಕಾರ್ಪೆಟ್ ಎನ್ನುತ್ತೇವಲ್ಲ, ಅದೇ.

ತುರ್ಕಮೆನಿಸ್ತಾನದ ಬಹುಭಾಗ ಕಾರಾಕುಮ್ ಮರುಭೂಮಿ. ಅಲ್ಲಿನ ತುರ್ಕಮೆನ್ ಜನರಲ್ಲಿ ಹೆಚ್ಚಿನವರು ಹಿಂದೆ ಕುರಿ, ಒಂಟೆಗಳನ್ನು ಸಾಕುತ್ತಾ ಹುಲ್ಲು ನೀರು ಇದ್ದಲ್ಲಿಗೆ ಹೋಗುತ್ತಿದ್ದರು. ಮರದ ಪಟ್ಟಿಗಳ ಚೌಕಟ್ಟಿಗೆ ಉಣ್ಣೆಯ ದಪ್ಪ ಹೊದಿಕೆ ಹೊದಿಸಿದ ದುಂಡನೆಯ ಗುಡಾರವೇ ಅವರ ಮನೆ. ಬಿಚ್ಚಿ, ಒಂಟೆಯ ಮೇಲೆ ಹೇರಿದರೆ ಮನೆಯೇ ಹೊರಟಿತು!

ಇಂಥ ಮನೆಯಲ್ಲಿ ಬೀರು, ಪೆಟ್ಟಿಗೆ, ಬಾಗಿಲು ಇಟ್ಟುಕೊಳ್ಳುವುದು ಹೇಗೆ? ಎಲ್ಲವನ್ನೂ ನೇಯ್ದುಕೊಂಡರು. ಬಾಗಿಲಿಗೆ ನೇತುಹಾಕುವ ಕಂಬಳಿಗೆ ‘ಎನ್ಸಿ’ ಎಂದು ಹೆಸರು. ಬಟ್ಟೆಬರೆ ತುಂಬಿ ಗೋಡೆಗೆ ತೂಗುಹಾಕುವ ದೊಡ್ಡ ಚೀಲ ‘ಚುವಾಲ್’. ಉಪ್ಪಿಗೂ ಬೇರೆ ಚೀಲ. ಮದುವೆಯ ದಿನ ಮದುಮಗಳು ಕುಳಿತ ಒಂಟೆಯ ಎರಡೂ ಪಕ್ಕೆಗಳಿಗೆ ಐದು ಮೂಲೆಯ ‘ಅಸ್ಮಾಲಿಕ್’ ಕಟ್ಟುತ್ತಿದ್ದರು.

ಮಗ್ಗವೂ ಪ್ರಯಾಣಕ್ಕೆ ಹೇಳಿಸಿದಂತಿತ್ತು. ನೆಲಕ್ಕೆ ನಾಲ್ಕು ಗೂಟ ಹೊಡೆದು ಎರಡು ತೊಲೆಗಳ ನಡುವೆ ಹಾಸಿನ ನೂಲನ್ನು ಬಿಗಿದರೆ ಮಗ್ಗ ಸಿದ್ಧ. ನೇಯ್ಗೆ ಅರ್ಧದಲ್ಲಿದ್ದಾಗ ಹೊರಡಬೇಕಾಯಿತೇ? ಗೂಟ ಕಿತ್ತು, ಸುತ್ತಿಕೊಂಡು, ಮುಂದಿನ ಊರಿನಲ್ಲಿ ಮತ್ತೆ ಹಾಸಿದರಾಯಿತು.

ಇನ್ನು ನೇಯುವ ಕೆಲಸ. ಹಾಸಿನ ಎರಡು ಎಳೆಗಳಿಗೆ ಬಣ್ಣದ ಉಣ್ಣೆಯನ್ನು ಸುತ್ತಿ ಗಂಟು ಹಾಕಿ, ಚಾಕುವಿನಿಂದ ಕತ್ತರಿಸಬೇಕು. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ನೂಲು ತೂರಿಸಿ, ಭಾರವಾದ ಹಣಿಗೆಯಿಂದ ಬಡಿದು ಕೂರಿಸಬೇಕು. ಆಮೇಲೆ ಮುಂದಿನ ಸಾಲು. ಒಂದು ಲೆಕ್ಕ ಮಾಡೋಣವೇ? ಒಂದು ಚದರ ಇಂಚಿನಲ್ಲಿ 150 ಗಂಟು ಇವೆ ಎಂದುಕೊಳ್ಳಿ. ಒಂದು ಚದರ ಮೀಟರ್ ಎಂದರೆ ಸುಮಾರು 1,550 ಚದರ ಇಂಚು. ಗುಣಿಸಿದರೆ 2,32,500 ಗಂಟು! ಒಬ್ಬಾಕೆ ದಿನಕ್ಕೆ 5,000 ಗಂಟು ಹಾಕಿದರೂ ಕೆಲಸ ಮುಗಿಯುವುದು 47ನೆಯ ದಿನಕ್ಕೆ. ಅದೂ ಬರೀ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತುಂಡಿಗೆ.

ಕೆಂಪು ಬಣ್ಣ ಬರುತ್ತಿದ್ದುದು ಒಂದು ಗಿಡದ ಬೇರಿನಿಂದ. ಅಜ್ಜಿಯಂದಿರು ಬಲ್ಲ ಮಂಜಿಷ್ಠದ ಹತ್ತಿರದ ನಂಟ ಅದು. ನೀಲಿಯ ಇಂಡಿಗೋವನ್ನು ವ್ಯಾಪಾರಿಗಳು ನಮ್ಮ ಭಾರತದಿಂದಲೂ ಮಧ್ಯ ಏಷ್ಯಾಕ್ಕೆ ಒಯ್ಯುತ್ತಿದ್ದರು. ಚಿತ್ತಾರವನ್ನು ಮಾತ್ರ ಯಾರೂ ಹೊರಗಿನಿಂದ ತರಬೇಕಿರಲಿಲ್ಲ. ಅದು ತಾಯಿಯ ನೆನಪಿನಲ್ಲಿತ್ತು. ಮಗಳು ಪಕ್ಕದಲ್ಲಿ ಕುಳಿತು, ನೋಡಿ, ಗಂಟು ಹಾಕಿ ಕಲಿಯುತ್ತಿದ್ದಳು.

ಕಂಬಳಿಯ ನಡುವೆ ಸಾಲುಸಾಲಾಗಿ ಬರುವ ಎಂಟು ಮೂಲೆಯಂಥ ಮುಖ್ಯ ಚಿತ್ತಾರಕ್ಕೆ ‘ಗುಲ್’ ಎನ್ನುತ್ತಾರೆ. ಪಾರಸಿಯಲ್ಲಿ ಗುಲ್ ಎಂದರೆ ಹೂವು. ನಮ್ಮ ‘ಗುಲಾಬಿ’ಯಲ್ಲಿ ಇರುವುದೂ ಅದೇ ಗುಲ್. ಒಂದೊಂದು ಪಂಗಡಕ್ಕೆ ಒಂದೊಂದು ಗುಲ್. ಬಲ್ಲವರು ಅದನ್ನು ನೋಡಿಯೇ ಇದು ಟೆಕೆಯವರದು, ಇದು ಯೋಮುತರದು ಎನ್ನುತ್ತಿದ್ದರು. ಅದು ಮನೆತನದ ಗುರುತು, ಸಹಿ ಇದ್ದ ಹಾಗೆ.

ಆದರೆ ಪೇಟೆಗೆ ಹೋದಾಗ ಆ ಸಹಿಯನ್ನು ಓದುವವರು ಸಿಗಲಿಲ್ಲ. ತುರ್ಕಮೆನ್ ಕಂಬಳಿಗಳು ಬುಖಾರಾದ ಸಂತೆಯಲ್ಲಿ ಮಾರಾಟವಾಗುತ್ತಿದ್ದವು. ಬುಖಾರಾ ಈಗ ಪಕ್ಕದ ಉಜ್ಬೇಕಿಸ್ತಾನದಲ್ಲಿದೆ. ಕೊಂಡವರು ಅವನ್ನು ‘ಬುಖಾರಾ ಕಂಬಳಿ’ ಎಂದೇ ಕರೆದರು. ನೇಯ್ದದ್ದು ಮರುಭೂಮಿಯ ತಾಯಿ, ಹೆಸರು ಸಂತೆಗೆ! ಕೆಲವು ವ್ಯಾಪಾರಿಗಳು ಗುಲ್ ಅನ್ನು ‘ಆನೆಯ ಹೆಜ್ಜೆ’ ಎಂದೂ ಕರೆದರು. ಅಲ್ಲಿ ಆನೆಯೇ ಇಲ್ಲ! ಇಂದಿಗೂ ಪಾಕಿಸ್ತಾನದಲ್ಲಿ, ನಮ್ಮ ದೇಶದಲ್ಲಿ ಅದೇ ಚಿತ್ತಾರ ನೇಯ್ದು ‘ಬುಖಾರಾ’ ಎಂದೇ ಮಾರುವುದುಂಟು.

1991ರಲ್ಲಿ ತುರ್ಕಮೆನಿಸ್ತಾನ ಸ್ವತಂತ್ರವಾಯಿತು. ಮರುವರ್ಷ ಹೊಸ ಧ್ವಜ ಮಾಡಿದಾಗ ಟೆಕೆ, ಯೋಮುತ್, ಸಾರಿಕ್, ಚೌದೂರ್, ಎರ್ಸಾರಿ ಎಂಬ ಐದು ಪಂಗಡಗಳ ಗುಲ್‌ಗಳನ್ನು ಅದರ ಮೇಲೇರಿಸಿದರು. ರಾಜಧಾನಿ ಅಶ್ಗಾಬಾತ್‌ನಲ್ಲಿ ಕಂಬಳಿಗಳಿಗೆಂದೇ ಮ್ಯೂಸಿಯಂ ಇದೆ. ಮೇ ತಿಂಗಳ ಕೊನೆಯ ಭಾನುವಾರ ಅಲ್ಲಿ ಕಂಬಳಿಗಳ ಹಬ್ಬ. 2019ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೆ ಮರೆಸಿದ್ದ ಪಂಗಡದ ಗುರುತು ಹೀಗೆ ಮರಳಿ ಬಂತು.

ಪಂಗಡದ ಗುರುತೇನೋ ಬಂತು, ನೇಯ್ದ ಕೈಗಳ ಹೆಸರು? ಪ್ರಪಂಚದ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಹಳೆಯ ತುರ್ಕಮೆನ್ ಕಂಬಳಿಗಳಿವೆ. ಪಕ್ಕದ ಚೀಟಿಯಲ್ಲಿ ಪಂಗಡ, ಕಾಲ, ಅಳತೆ ಬರೆದಿರುತ್ತದೆ. ಲಕ್ಷಗಟ್ಟಲೆ ಗಂಟು ಹಾಕಿದವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವಳ ಮೊಮ್ಮಕ್ಕಳಿಗೆ ಅದು ಗೊತ್ತಿತ್ತು, ಆದರೆ ಕೊಂಡವರು ಯಾರೂ ಕೇಳಿ ಬರೆದಿಡಲಿಲ್ಲ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಯಾರೋ ಕೈಯಾರೆ ಮಾಡಿದ ವಸ್ತು ಇದೆಯೇ ಹುಡುಕಿ. ಕೌದಿ, ಬುಟ್ಟಿ, ಕಸೂತಿ ಹಾಕಿದ ಬಟ್ಟೆ, ಏನಾದರೂ ಸರಿ. ಮಾಡಿದವರು ಯಾರೆಂದು ಅಜ್ಜ ಅಜ್ಜಿಯನ್ನು ಕೇಳಿ, ಅವರ ಹೆಸರು, ಊರನ್ನು ಒಂದು ಚೀಟಿಯಲ್ಲಿ ಬರೆದು ಆ ವಸ್ತುವಿನ ಜೊತೆಗೇ ಇಡಿ. ಅಜ್ಜ ಅಜ್ಜಿಯರೇ, ಹೆಸರು ನೆನಪಿರುವುದು ನಿಮಗೇ. ಮಕ್ಕಳು ಕೇಳುವುದನ್ನು ಮರೆತರೆ ನೀವಾಗಿಯೇ ಕರೆದು ಹೇಳಿ.