ಬಂಡೆ, ಬೀಗದ ಕೈ ಮತ್ತು ಒಂದು ಸುಳ್ಳು ದಾನಪತ್ರ

ಆಫೀಸಿನಲ್ಲಿ ಊಟದ ಹೊತ್ತಿಗೆ ಧರ್ಮದ ಮಾತು ಬಂದರೆ ಗೆಳೆಯರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. "ಅಲ್ಲ ಮಾರಾಯ, ನಿಮಗಿರೋದು ಒಬ್ಬ ಯೇಸು, ಒಂದು ಬೈಬಲ್ಲು. ಮತ್ತೆ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್‌ಗೆ ಒಬ್ಬ ಬಿಷಪ್ಪು, ಶಿವಾಜಿನಗರದ ಸೇಂಟ್ ಮೇರೀಸ್‌ಗೆ ಇನ್ನೊಬ್ಬರು ಯಾಕೆ?" ಮೊದಲನೆಯದು ಸಿಎಸ್‌ಐ, ಎರಡನೆಯದು ಕಥೋಲಿಕ ಅಂತ ಹೇಳಿ ಮುಗಿಸಬಹುದು. ಆದರೆ ಅದು ಉತ್ತರವಲ್ಲ. ಅಸಲಿ ಪ್ರಶ್ನೆ ಇರುವುದು ಅದರ ಕೆಳಗೆ: ಕ್ರೈಸ್ತ ನಂಬಿಕೆ ನಿಂತಿರುವುದು ಯಾವುದರ ಮೇಲೆ? ಅದರ ವಿಷಯದಲ್ಲಿ ಕೊನೆಯ ಮಾತು ಹೇಳುವ ಅಧಿಕಾರ ಯಾರದು?

ಮೊದಲು ಪದದಿಂದಲೇ ಶುರು ಮಾಡೋಣ. ಚರ್ಚಿಗೆ ಕನ್ನಡದ ಕ್ರೈಸ್ತರು ಬಳಸುವ ಪದ 'ಸಭೆ'. ಕಥೋಲಿಕರಲ್ಲಿ 'ಧರ್ಮಸಭೆ'. ಮೂಲ ಗ್ರೀಕಿನ 'ಎಕ್ಲೇಸಿಯ' ಎಂಬ ಪದದ ಅರ್ಥವೂ ಅದೇ, ಸೇರಿದ ಜನ. ಮಂಗಳೂರಿನ ಕಡೆ ಹೇಳುವ 'ಇಗರ್ಜಿ' ಕೂಡ ಇದೇ ಪದ ಪೋರ್ಚುಗೀಸಿನ ಮೂಲಕ ಸುತ್ತಿ ಬಂದದ್ದು. ಅಂದರೆ ಚರ್ಚು ಎಂದರೆ ಮೊದಲಿಗೆ ಕಟ್ಟಡವೂ ಅಲ್ಲ, ಗಾದಿಯೂ ಅಲ್ಲ. ಜನ.

ಈ ಜನರ ಮೇಲೆ ಅಧಿಕಾರ ಎಲ್ಲಿಂದ ಬಂತು? ಕಥೋಲಿಕರು ತೋರಿಸುವುದು ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯ. ಅಲ್ಲಿ ಯೇಸು ಶಿಷ್ಯನಾದ ಸೀಮೋನನಿಗೆ ಪೇತ್ರ, ಅಂದರೆ ಬಂಡೆ, ಎಂದು ಹೆಸರಿಟ್ಟು, ಆ ಬಂಡೆಯ ಮೇಲೆ ತನ್ನ ಸಭೆಯನ್ನು ಕಟ್ಟುವುದಾಗಿ ಹೇಳಿ, ಪರಲೋಕ ರಾಜ್ಯದ ಬೀಗದ ಕೈಗಳನ್ನೂ ಕೊಡುತ್ತಾನೆ. ಪೋಪ್ ಎಂದರೆ ಪೇತ್ರನ ಉತ್ತರಾಧಿಕಾರಿ, ಹಾಗಾಗಿ ಬೀಗದ ಕೈ ರೋಮಿನಲ್ಲಿದೆ ಎನ್ನುವುದು ಅವರ ವಾದ. ಬಂಡೆ ಎಂದರೆ ಪೇತ್ರನಲ್ಲ, ಅವನು ಆಗ ತಾನೇ ಹೇಳಿದ ವಿಶ್ವಾಸದ ಮಾತು ಎನ್ನುವುದು ಬಹಳಷ್ಟು ಪ್ರೊಟೆಸ್ಟೆಂಟರ ವಾದ. ಈ ಜಗಳ ಶತಮಾನಗಳದ್ದು. ನಾನು ತೀರ್ಪು ಕೊಡಲು ಹೋಗುವುದಿಲ್ಲ.

ಆದರೆ ಎರಡೂ ಕಡೆಯವರು ಅವಸರದಲ್ಲಿ ದಾಟಿಬಿಡುವ ಒಂದು ಸಂಗತಿ ಇದೆ. ಅದೇ ಅಧ್ಯಾಯದಲ್ಲಿ ನಾಲ್ಕೈದು ವಚನ ಮುಂದೆ ಹೋಗಿ. ಅದೇ ಪೇತ್ರ ಯೇಸುವನ್ನು ಶಿಲುಬೆಯ ದಾರಿಯಿಂದ ತಡೆಯಲು ಹೋಗುತ್ತಾನೆ. ಆಗ ಯೇಸು ಅವನನ್ನು ಸೈತಾನ ಎಂದು ಗದರಿ, ನೀನು ನನಗೆ ಅಡ್ಡಿ ಎನ್ನುತ್ತಾನೆ. ಆ ಗ್ರೀಕ್ ಪದಕ್ಕೆ ಎಡವಿಸುವಂಥದ್ದು ಎಂಬ ಅರ್ಥವಿದೆ. ಅಡಿಪಾಯದ ಕಲ್ಲು ಒಂದೇ ಪುಟದಲ್ಲಿ ಎಡವುವ ಕಲ್ಲಾಯಿತು! ಇನ್ನೆರಡು ಅಧ್ಯಾಯ ಕಳೆದರೆ, ಕಟ್ಟುವ ಬಿಚ್ಚುವ ಅದೇ ಅಧಿಕಾರವನ್ನು ಶಿಷ್ಯರೆಲ್ಲರಿಗೂ ಕೊಡಲಾಗಿದೆ.

ಇಷ್ಟೇ ಅಲ್ಲ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದ. ಪೌಲ ಅವನನ್ನು ಎಲ್ಲರ ಮುಂದೆಯೇ ತರಾಟೆಗೆ ತೆಗೆದುಕೊಂಡ. ಅದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದಾಖಲಿಸಿಯೂ ಇಟ್ಟ. ಪಂಕ್ತಿಭೇದ ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವೇ? ನನಗೆ ಆಶ್ಚರ್ಯವಾಗುವುದು ಇಲ್ಲಿ: ಆ ಪತ್ರವನ್ನು ಸಭೆ ಮುಚ್ಚಿಡಲಿಲ್ಲ. ತನ್ನ ಮೊದಲ ನಾಯಕನ ಮಾನ ಹೋದ ಕಥೆಯನ್ನು ಪವಿತ್ರಗ್ರಂಥದೊಳಗೇ ಸೇರಿಸಿತು.

ಹಾಗಾದರೆ ಅಡಿಪಾಯ ಯಾವುದು? ಕ್ರಿ.ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನ ಉತ್ತರ ನೇರವಾಗಿದೆ: ಅಡಿಪಾಯ ಕ್ರಿಸ್ತನೊಬ್ಬನೇ. ಆತ ಸತ್ತವರೊಳಗಿಂದ ಎದ್ದಿಲ್ಲವಾದರೆ ತನ್ನ ಬೋಧನೆಯೂ ವ್ಯರ್ಥ, ಕೇಳುವವರ ನಂಬಿಕೆಯೂ ವ್ಯರ್ಥ. ಹೀಗೆ ಹೇಳಿ, ಕಂಡವರ ಪಟ್ಟಿಯನ್ನೂ ಕೊಡುತ್ತಾನೆ. ನೀವು ಅದನ್ನು ನಂಬುತ್ತೀರೋ ಬಿಡುತ್ತೀರೋ, ಅದು ಬೇರೆ ಮಾತು. ಆದರೆ ಧಾಟಿ ಗಮನಿಸಿ. ಅದು ಸಾಕ್ಷಿ ಹೇಳುವವನ ಧಾಟಿ, ಒಡೆಯನ ಧಾಟಿಯಲ್ಲ. ಸಾಕ್ಷಿಯನ್ನು ಪಾಟೀಸವಾಲು ಮಾಡಬಹುದು.

"ಸರಿ, ಹಾಗಾದರೆ ಬೈಬಲ್ ಒಂದೇ ಸಾಕು, ಸಭೆ ಯಾಕೆ ಬೇಕು?" ಅಂತ ನಮ್ಮ ಕಡೆಯವರು ಕೇಳುವುದುಂಟು. ಅದೂ ಅಷ್ಟು ಸುಲಭವಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಮೊದಲ ಬಾರಿಗೆ ಸರಿಯಾಗಿ ಸಿಗುವುದು ಕ್ರಿ.ಶ. 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ಪುಸ್ತಕಗಳನ್ನು ಓದಿ, ಉಳಿಸಿ, ಆರಿಸಿದ್ದು ಸಭೆಯೇ. ಸಭೆ ಇಲ್ಲದೆ ಗ್ರಂಥ ಇಲ್ಲ, ಗ್ರಂಥ ಇಲ್ಲದೆ ಸಭೆಗೆ ಕಡಿವಾಣ ಇಲ್ಲ. ಒಂದು ಇನ್ನೊಂದನ್ನು ಕಾಯಬೇಕು.

ಕಡಿವಾಣ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಕಾನ್‌ಸ್ಟಂಟೈನನ ದಾನಪತ್ರವೇ ಸಾಕು. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನ್ ರೋಮ್ ಮತ್ತು ಪಶ್ಚಿಮದ ಸೀಮೆಗಳನ್ನು ಪೋಪ್ ಸಿಲ್ವೆಸ್ಟರ್‌ಗೆ ಬಿಟ್ಟುಕೊಟ್ಟ ಎನ್ನುವ ದಾಖಲೆ ಅದು. ಪೋಪರ ಲೌಕಿಕ ಅಧಿಕಾರಕ್ಕೆ ಅದು ಎಷ್ಟೋ ಕಾಲ ಆಧಾರವಾಗಿತ್ತು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ವಿದ್ವಾಂಸ ಅದರ ಭಾಷೆಯನ್ನೇ ಹಿಡಿದು ಪರೀಕ್ಷಿಸಿ, ಇದು ಸುಳ್ಳು ಎಂದು ತೋರಿಸಿಕೊಟ್ಟ. ರೋಮಿನ ಅಧಿಕಾರಿಗಳನ್ನು ಅದರಲ್ಲಿ 'ಸತ್ರಪ' ಎಂದು ಕರೆದಿತ್ತು. ಹೊಯ್ಸಳರ ಶಾಸನದಲ್ಲಿ 'ತಹಸೀಲ್ದಾರ್' ಅಂತ ಕಂಡಂತೆ! ಅದು ಎಂಟನೇ ಶತಮಾನದ ಹೊತ್ತಿನ ಸೃಷ್ಟಿ ಎನ್ನುವುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆಗ ವಲ್ಲಾ ಇದ್ದದ್ದು ಪೋಪರ ಜೊತೆ ಜಗಳವಾಡುತ್ತಿದ್ದ ರಾಜನ ಆಶ್ರಯದಲ್ಲಿ, ನಿಜ. ಆದರೆ ಮುಂದೆ ಪೋಪರ ಕಚೇರಿಯಲ್ಲೇ ಅವನಿಗೆ ಕೆಲಸ ಸಿಕ್ಕಿತು, ಅದೂ ನಿಜ.

ಇದು ಹಳೆಯ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. 2002ರಲ್ಲಿ ಬಾಸ್ಟನ್ನಿನಲ್ಲಿ ಏನಾಯಿತು? ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಒಂದು ಊರಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಾ ಮುಚ್ಚಿಟ್ಟದ್ದು ಪತ್ರಿಕೆಯಿಂದ ಬಯಲಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿನ ಆರ್ಚ್‌ಬಿಷಪ್ ರಾಜೀನಾಮೆ ಕೊಟ್ಟರು. ಬಿಷಪ್ಪರ ಮೇಲಿನ ದೂರನ್ನೂ ವಿಚಾರಿಸುವ ವಿಧಿವಿಧಾನವನ್ನು ಪೋಪ್ ಫ್ರಾನ್ಸಿಸ್ ತಂದದ್ದು 2019ರಲ್ಲಿ. ಅಲ್ಲಿಯವರೆಗೆ ಎಷ್ಟು ಮಕ್ಕಳು ಬಾಯಿ ಮುಚ್ಚಿಕೊಂಡಿದ್ದವೋ... ಪಾದ್ರಿಯನ್ನು ಪ್ರಶ್ನಿಸುವುದೆಂದರೆ ದೇವರನ್ನೇ ಪ್ರಶ್ನಿಸಿದಂತೆ ಎಂದು ಆ ಮನೆಗಳಲ್ಲಿ ನಂಬಿಸಲಾಗಿತ್ತು.

ಪ್ರೊಟೆಸ್ಟೆಂಟರು ಬೀಗುವಂಥದ್ದೇನೂ ಇಲ್ಲ. ಪೋಪರ ತಪ್ಪಾಗದ ಅಧಿಕಾರ ಎಂದು ನಾವು ಆಡಿಕೊಳ್ಳುವ 1870ರ ಸಿದ್ಧಾಂತಕ್ಕೆ ಬಿಗಿಯಾದ ಷರತ್ತುಗಳಿವೆ. ಅದಾದ ಮೇಲೆ ಪೋಪ್ ಅದನ್ನು ವಿಧಿವತ್ತಾಗಿ ಬಳಸಿದ್ದು 1950ರಲ್ಲಿ ಒಮ್ಮೆ ಮಾತ್ರ. "ದೇವರು ನನಗೆ ರಾತ್ರಿ ಹೇಳಿದರು" ಎಂದು ವಾರ ವಾರ ಮೈಕಿನ ಮುಂದೆ ಹೇಳುವ ಪಾಸ್ಟರಿಗೆ ಯಾವ ಷರತ್ತಿದೆ ಹೇಳಿ?

ನನ್ನ ಅಭಿಪ್ರಾಯ ಇಷ್ಟೇ. ಆತ್ಮಿಕ ಅಧಿಕಾರ ಬೇಕು. ಸಾಯುವವರ ಹಾಸಿಗೆಯ ಬಳಿ ಕೂರಲು, ಕ್ಷಮೆಯ ಮಾತು ಹೇಳಲು, ಕಲಿಸಲು ಯಾರಾದರೂ ಬೇಕೇ ಬೇಕು. ಆದರೆ ಆ ಅಧಿಕಾರ ಅಸಲಿಯೋ ನಕಲಿಯೋ ಎಂದು ತಿಳಿಯಬೇಕಾದರೆ, ಎಲ್ಲರ ಮುಂದೆ ಎದ್ದು "ಸ್ವಾಮಿ, ಇದು ತಪ್ಪು" ಎಂದವನ ಗತಿ ಏನಾಗುತ್ತದೆ ಎಂದು ನೋಡಿ. ಬಂಡೆ ಗಟ್ಟಿಯಾಗಿದ್ದರೆ ಸುತ್ತಿಗೆಯಲ್ಲಿ ತಟ್ಟಿ ನೋಡಲು ಬಿಡುತ್ತಾರೆ. ತಟ್ಟಬೇಡಿ ಅಂದರೆ ನನಗಂತೂ ಅನುಮಾನ ಶುರುವಾಗುತ್ತದೆ. ನಿಮಗೆ?