ಹಿತ್ತಲಿಗೊಂದು ಹೊಸ ಉಳ್ಳಾಗಡ್ಡಿ



ಆಳಂದ ತಾಲೂಕಿನ ತಾಯಿಯೊಬ್ಬರು ಈ ಸಲ ಎರಡು ಪ್ರಶ್ನೆ ಕಳಿಸಿದ್ದಾರೆ. ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋದಾಗ ಅಲ್ಲಿಯ ಅಂಗಡಿಯಲ್ಲಿ ಲೀಕ್ ಎಂಬ ತರಕಾರಿಯನ್ನು ಕಂಡರಂತೆ. ನೋಡಲು ಉಳ್ಳಾಗಡ್ಡಿ ತಪ್ಪಲಿನ ಹಿರಿಯಣ್ಣನಂತಿದೆ, ಬುಡದಲ್ಲಿ ಗಡ್ಡೆ ಮಾತ್ರ ಇಲ್ಲ. ಇದು ನಮ್ಮ ಹಿತ್ತಲಿನಲ್ಲಿ ಬೆಳೆದೀತೇ, ಲಿಂಗಪೂಜೆಯ ಮನೆಯಲ್ಲಿ ಇದನ್ನು ಉಣ್ಣಬಹುದೇ ಎಂದು ಕೇಳಿದ್ದಾರೆ.

ಎರಡನೆಯದನ್ನು ಮೊದಲು ಮುಗಿಸುತ್ತೇವೆ. ಲೀಕ್ ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಕುಲಕ್ಕೇ ಸೇರಿದ ಸಸ್ಯ. ಅವೆರಡನ್ನೂ ನಿಯಮಪೂರ್ವಕ ಬಿಟ್ಟ ಮನೆಗಳಿಗೆ ಇದೂ ಬಿಡತಕ್ಕದ್ದೇ. ಜೋಳದ ರೊಟ್ಟಿಯೊಡನೆ ಹಸಿ ಉಳ್ಳಾಗಡ್ಡಿ ಕಚ್ಚಿ ಉಣ್ಣುವ ಮನೆಗಳಿಗೆ ಹೊಸದೊಂದು ಸಂಕೋಚ ಬೇಕಿಲ್ಲ. ಪರದೇಶದ ಹೆಸರೆಂದು ಮೂಗು ಮುರಿಯುವವರು, ನಮ್ಮ ಹಿಂಡಿಯ ಶೇಂಗಾ ಮತ್ತು ಮೆಣಸಿನಕಾಯಿಗಳೆರಡೂ ಸಾಗರ ದಾಟಿ ಬಂದವೆಂಬುದನ್ನು ನೆನೆಯಬೇಕು.

ಇನ್ನು ಬೆಳೆಯುವ ಮಾತು. ಲೀಕ್ ತಂಪನ್ನು ಬಯಸುವ ಸಸ್ಯ. ಅದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸೀಮೆ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲನ್ನು ಅದು ತಾಳದು. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿಯವರಿಗೆ ವರ್ಷದಲ್ಲಿ ಇರುವುದು ಒಂದೇ ಬಾಗಿಲು. ಭಾದ್ರಪದದಲ್ಲಿ ಬೀಜ ಹಾಕಿ, ದೀಪಾವಳಿ ಕಳೆದ ಮೇಲೆ ಸಸಿ ನೆಟ್ಟರೆ, ಶಿವರಾತ್ರಿಯ ಸುಮಾರಿಗೆ ಕೀಳಲು ಬರುತ್ತದೆ. ಹತ್ತಿಪ್ಪತ್ತು ದಿನ ಹಿಂದುಮುಂದಾದರೂ ಚಿಂತೆಯಿಲ್ಲ. ಎರಡು ತಿಂಗಳು ತಡವಾದರೆ ಬಿಸಿಲು ಬಂದು ಕಾಂಡ ನಾರಾಗುತ್ತದೆ.

ಉಳ್ಳಾಗಡ್ಡಿ ಕುಲದ ಬೀಜಗಳು ಬೇಗ ಸತ್ವ ಕಳೆದುಕೊಳ್ಳುವವು. ಹಳೆಯ ಪೊಟ್ಟಣ ಬೇಡ. ಭಾದ್ರಪದದಲ್ಲಿ ನಮ್ಮಲ್ಲಿ ಮಳೆ ಜೋರು. ಆದಕಾರಣ ಬೀಜವನ್ನು ನೆಲದಲ್ಲಿ ಹಾಕದೆ, ತಳದಲ್ಲಿ ತೂತಿರುವ ಬುಟ್ಟಿಯಲ್ಲೋ ಡಬ್ಬಿಯಲ್ಲೋ ಅರ್ಧ ಅಂಗುಲ ಆಳಕ್ಕೆ ಹಾಕಿ ಪಡಸಾಲೆಯ ಅಂಚಿನಲ್ಲಿ, ಬೆಳಕು ಬೀಳುವೆಡೆ ಇಡಬೇಕು. ಎರಡು ವಾರದೊಳಗೆ ಸೂಜಿಯಂಥ ಮೊಳಕೆ ಏಳುತ್ತದೆ. ಎಂಟು ಹತ್ತು ವಾರಗಳಲ್ಲಿ ಸಸಿ ಪೆನ್ಸಿಲಿನಷ್ಟು ದಪ್ಪವಾದಾಗ ನಾಟಿಗೆ ಸಿದ್ಧ.

ನಾಟಿಯಲ್ಲಿಯೇ ಇದರ ಗುಟ್ಟಿದೆ. ನಾವು ಉಣ್ಣುವುದು ಮುಖ್ಯವಾಗಿ ಇದರ ಬಿಳಿಯ ಕಾಂಡವನ್ನು. ಬೆಳಕು ಕಾಣದ ಭಾಗವಷ್ಟೇ ಬಿಳಿದಾಗಿ ಮೆತ್ತಗಿರುತ್ತದೆ. ಅದಕ್ಕಾಗಿ ಒಂದು ಗೂಟದಿಂದ 6 ಅಂಗುಲ ಆಳದ ಕುಳಿ ಮಾಡಿ, ಸಸಿಯನ್ನು ಅದರೊಳಗೆ ಇಳಿಬಿಟ್ಟು ನೀರು ಹಾಕಬೇಕು. ಮಣ್ಣು ತುಂಬಿ ಒತ್ತುವುದು ಬೇಡ. ನೀರೇ ಬೇಕಾದಷ್ಟು ಮಣ್ಣನ್ನು ಬೇರಿಗೆ ತರುತ್ತದೆ, ಉಳಿದ ಕುಳಿ ದಿನ ಕಳೆದಂತೆ ತಾನೇ ತುಂಬುತ್ತದೆ. ಸಸಿಯಿಂದ ಸಸಿಗೆ 6 ಅಂಗುಲ, ಸಾಲಿನಿಂದ ಸಾಲಿಗೆ 1 ಅಡಿ ಇರಲಿ. ಮುಂದೆ ಮೂರು ವಾರಕ್ಕೊಮ್ಮೆ ಬುಡಕ್ಕೆ ಮಣ್ಣೇರಿಸುತ್ತ ಹೋಗಬೇಕು. ಎಲೆಗಳು ಕವಲೊಡೆಯುವ ಸಂದಿಗಿಂತ ಮೇಲೆ ಮಾತ್ರ ಮಣ್ಣು ಹೋಗಬಾರದು; ಹೋದರೆ ಉಣ್ಣುವಾಗ ಹಲ್ಲಿಗೆ ಮರಳು.

ನಮ್ಮ ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಬಿರುಕು. ಅದರಲ್ಲಿ ಕುಳಿ ನಿಲ್ಲದು, ನೀರು ಬೇರಿಗೆ ಕಟ್ಟಿಕೊಂಡು ಕೊಳೆ ಹತ್ತುತ್ತದೆ. ಒಂದು ಗೇಣು ಎತ್ತರದ ಮಡಿ ಕಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಒಂದಿಷ್ಟು ಮರಳನ್ನೂ ಬೆರೆಸುವುದು ಅವಶ್ಯ.

ನೀರಿನ ಮಾತು ಇನ್ನೂ ಕಠಿಣ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ನದೀತೀರದ ಊರುಗಳಿಗೆ ನುಗ್ಗಿದಳು. 2023ರಲ್ಲಿ ನಾಡೇ ಬರದಲ್ಲಿ ಬೆಂದಿತು. ಇಂಥ ಸೀಮೆಯಲ್ಲಿ ಕುಡಿಯುವ ನೀರನ್ನು ಹೊಸ ತರಕಾರಿಗೆ ಸುರಿಯಿರೆಂದು ನಾವು ಹೇಳಲಾರೆವು. ಅಕ್ಕಿ ಬೇಳೆ ತೊಳೆದ ನೀರು, ಪಾತ್ರೆ ಅಲುಬಿದ ಕೊನೆಯ ನೀರು ಹತ್ತಡಿ ಮಡಿಗೆ ಬಹುಮಟ್ಟಿಗೆ ಸಾಕು. ಬಟ್ಟೆ ಒಗೆದ ಸಾಬೂನು ಪುಡಿಯ ನೀರು ಮಾತ್ರ ಕೂಡದು. ಅದರಲ್ಲಿರುವ ಸೋಡಾದಂಶ ಎರೆಮಣ್ಣನ್ನು ಗಟ್ಟಿಗೊಳಿಸುತ್ತದೆ, ಉಳ್ಳಾಗಡ್ಡಿ ಕುಲವಂತೂ ಉಪ್ಪನ್ನು ಸಹಿಸದು.

ಎಲೆಯ ಮೇಲೆ ಬೆಳ್ಳಿಯಂಥ ಗೀರು ಕಂಡರೆ ನುಸಿ ಬಿದ್ದಿದೆಯೆಂದು ತಿಳಿದು ಬೇವಿನ ಬೀಜದ ಕಷಾಯ ಸಿಂಪಡಿಸಿರಿ.

ಆರು ತಿಂಗಳು ಕಾಯಿಸುವ ಬೆಳೆಗೆ ಇಷ್ಟು ಉಪಚಾರವೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲ ವರ್ಷ ಒಂದು ಸಾಲು ಲೀಕ್, ನಾಲ್ಕು ಸಾಲು ನಮ್ಮ ಉಳ್ಳಾಗಡ್ಡಿ ಇರಲಿ. ಅಡುಗೆಮನೆಯಲ್ಲಿ ಮೊಳೆತ ಗಡ್ಡೆಯನ್ನು ಊರಿದರೂ ತಿಂಗಳೊಳಗೆ ತಪ್ಪಲು ಕೈಗೆ ಬರುತ್ತದೆ. ಕಾರ್ತಿಕದಲ್ಲಿ ಊರಿದ್ದು ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಒದಗುತ್ತದೆ. ನಮಗೆ ಕಳವಳ ಇರುವುದು ಬೇರೆ ವಿಷಯದಲ್ಲಿ. ಹೊಲದ ತುಂಬ ತೊಗರಿ, ಹತ್ತಿ, ಕಬ್ಬು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು, ಸಂತೋಷ. ಆದರೆ ಆ ಬೇಳೆಗೆ ಹಾಕುವ ಹಿಡಿ ತಪ್ಪಲಿಗಾಗಿ ಒಕ್ಕಲುತನದ ಮನೆಯ ಸೊಸೆ ವಾರದ ಸಂತೆಯ ದಾರಿ ಕಾಯುತ್ತಾಳೆ. ಸಂತೆ ತಪ್ಪಿದ ವಾರ ಮಕ್ಕಳ ತಾಟಿನಲ್ಲಿ ಹಸಿರೇ ಇಲ್ಲ. ಬಚ್ಚಲ ಕಲ್ಲಿನ ಪಕ್ಕದ ಮಡಿ ಹೋಗಿ ಅಲ್ಲಿ ಸಿಮೆಂಟು ಬಂದಿದೆ. ಬೆಳೆ ತಿನ್ನಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರಿಟ್ಟರೆಂದು ಜನ ಇಂದಿಗೂ ಹೇಳುವ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ನಮ್ಮ ಸೀಮೆಯದೇ. ಆ ಸೀಮೆಯ ಮನೆಗಳ ಹಿತ್ತಲು ಬರಿದಾಗುವುದು ನಮಗೆ ಸಣ್ಣ ಮಾತಾಗಿ ಕಾಣುವುದಿಲ್ಲ. ಪ್ರಶ್ನೆ ಕಳಿಸಿದ ತಾಯಿಗೆ ಲೀಕ್ ನೆವವಾದರೂ ಮಡಿ ಕಟ್ಟುವಂತಾಗಲಿ.

ಕೀಳುವಾಗ ಎಳೆಯದೆ, ಸಲಿಕೆಯಿಂದ ಬುಡ ಸಡಿಲಿಸಿ ಎತ್ತಬೇಕು. ಕಾಂಡವನ್ನು ಉದ್ದಕ್ಕೆ ಸೀಳಿ ಪದರಗಳ ನಡುವೆ ನೀರು ಬಿಟ್ಟು ತೊಳೆದು, ಸಣ್ಣಗೆ ಹೆಚ್ಚಿ ಹೆಸರುಬೇಳೆಯೊಡನೆ ಪಲ್ಯ ಮಾಡಬಹುದು; ಘಾಟು ಉಳ್ಳಾಗಡ್ಡಿಗಿಂತ ಕಡಿಮೆ. ಮೇಲಿನ ಹಸಿರೆಲೆ ಒರಟು, ಅದು ಸಾರಿಗೆ ಸಾಕು. ಎಲ್ಲವನ್ನೂ ಒಂದೇ ದಿನ ಕೀಳಬೇಕಿಲ್ಲ. ಬಿಸಿಲು ಏರುವವರೆಗೆ ನೆಲದಲ್ಲಿಯೇ ಬಿಟ್ಟು, ಬೇಕಾದಾಗ ಎರಡೆರಡು ತೆಗೆಯಬಹುದು. ಇದು ಹೂಬಿಡಲು ದೀರ್ಘವಾದ ಚಳಿ ಬೇಕು. ನಮ್ಮಲ್ಲಿ ಅದನ್ನು ನಂಬುವಂತಿಲ್ಲ. ಹಾಗಾಗಿ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಗುವುದು. ನಾಲ್ಕು ಮನೆಯವರು ಕೂಡಿ ಒಂದು ಪೊಟ್ಟಣ ತರಿಸಿದರೆ ಎಲ್ಲರಿಗೂ ಸಾಲುತ್ತದೆ.