ಅಶ್ಲೀಲವೆನ್ನುವವರಿಗೊಂದು ಮಾತು

ಕಳೆದ ತಿಂಗಳು ನಾವು ಹತ್ತಾರು ಜನ ಪುಸ್ತಕಪ್ರಿಯರು ಸೇರಿದ್ದಾಗ ಹಿರಿಯರೊಬ್ಬರು ಒಂದು ದಪ್ಪ ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ಹೊರಗೆಸೆಯಲು ಹೊರಟವರಂತೆ ಮುಖ ಮಾಡಿ, "ನೋಡಿ, ನಮ್ಮ ಹೆಣ್ಣುಮಕ್ಕಳು ಈಗ ಓದುತ್ತಿರುವುದು ಇದನ್ನು!" ಎಂದರು. ಎಷ್ಟು ಪುಟ ಓದಿದಿರಿ ಸ್ವಾಮಿ ಎಂದು ನಾನು ಕೇಳಿದೆ. "ಇಂಥದನ್ನು ಓದಿಯೇ ತಿಳಿಯಬೇಕೇನ್ರಿ?" ಎಂದು ಅವರು ನನ್ನನ್ನೇ ಗದರಿಸಿಕೊಂಡರು.

ಓದದೆ ಬೈಯುವ ವಿದ್ಯೆ ನನಗೆ ಬಾರದು. ಪುಸ್ತಕವನ್ನು ಅವರ ಕೈಯಿಂದಲೇ ಇಸಕೊಂಡು ಬಂದು ನಾಲ್ಕು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ. ಅಮೆರಿಕದ ಲೇಖಕಿ ರೆಬೆಕಾ ಯಾರೋಸ್ ಬರೆದ 'ಫೋರ್ತ್ ವಿಂಗ್' ಅದು. 2023ರ ಮೇ ತಿಂಗಳಿನಲ್ಲಿ ಹೊರಬಂದದ್ದು. ಅದೇ ವರ್ಷ ನವೆಂಬರಿನಲ್ಲಿ ಎರಡನೆಯ ಸಂಪುಟ 'ಐರನ್ ಫ್ಲೇಮ್', 2025ರ ಜನವರಿಯಲ್ಲಿ ಮೂರನೆಯದು 'ಆನಿಕ್ಸ್ ಸ್ಟಾರ್ಮ್' ಬಂದವು. ಈ ಮೂರನೆಯದು ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಖರ್ಚಾಯಿತೆಂದು ವರದಿ. ಅದ್ಭುತ ಕಥೆಯೂ ಪ್ರಣಯ ಕಥೆಯೂ ಕಲಸಿದ ಈ ಜಾತಿಗೆ 'ರೊಮ್ಯಾಂಟಸಿ' ಎಂದು ಹೆಸರಿಟ್ಟಿದ್ದಾರೆ. ಹೆಸರು ನನಗೆ ಹಿಡಿಸಲಿಲ್ಲ. ಹೋಗಲಿ.

ಕಥೆ ಇಷ್ಟು. ನವಾರ್ ಎಂಬ ರಾಜ್ಯ. ಅಲ್ಲಿ ಯುದ್ಧವಿದ್ಯೆ ಕಲಿಸುವ ಒಂದು ಮಹಾವಿದ್ಯಾಲಯ. ಇಪ್ಪತ್ತು ವರ್ಷದ ವಯಲೆಟ್ ಲಿಪಿಕಾರಳಾಗಬೇಕೆಂದು ಪುಸ್ತಕಗಳ ನಡುವೆ ಬೆಳೆದವಳು. ದಳಪತಿಯಾದ ತಾಯಿ ಅವಳನ್ನು ಬಲವಂತದಿಂದ ಡ್ರ್ಯಾಗನ್ ಸವಾರರ ವಿಭಾಗಕ್ಕೆ ನೂಕುತ್ತಾಳೆ. ಹುಡುಗಿಯ ಕೀಲುಗಳು ಮುಟ್ಟಿದರೆ ಜಾರುತ್ತವೆ, ಮೂಳೆ ಬೇಗ ಮುರಿಯುತ್ತದೆ. ಆ ಶಾಲೆಯಲ್ಲಿಯೋ, ಪ್ರವೇಶಕ್ಕಾಗಿ ಕಣಿವೆಯ ಮೇಲಿನ ಕಿರಿದಾದ ಗೋಡೆಯ ಮೇಲೆ ನಡೆಯಬೇಕು, ಬಿದ್ದವರು ಸತ್ತರು. ಹೆದರಿ ಓಡಿದವರನ್ನು ಡ್ರ್ಯಾಗನ್ನು ನಿಂತಲ್ಲೇ ಸುಟ್ಟುಬಿಡುತ್ತದೆ. ಇವಳ ತಾಯಿಯ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ದಂಗೆಕೋರನ ಮಗ ಝೇಡನ್ ಅದೇ ಶಾಲೆಯಲ್ಲಿದ್ದಾನೆ. ಇವರಿಬ್ಬರೂ ಮೊದಲು ದ್ವೇಷಿಸಿ ಆಮೇಲೆ ಪ್ರೀತಿಸುತ್ತಾರೆಂದು ನಾನು ಹೇಳಬೇಕಾಗಿಲ್ಲ. ಓದುಗರು ಮೂರನೆಯ ಅಧ್ಯಾಯಕ್ಕೆ ಮೊದಲೇ ಊಹಿಸುತ್ತಾರೆ.

ಈಗ ಅಶ್ಲೀಲದ ಮಾತು. ಶಯ್ಯಾಗೃಹದ ವರ್ಣನೆ ಪುಸ್ತಕದಲ್ಲಿ ಇದೆ, ಧಾರಾಳವಾಗಿಯೇ ಇದೆ. ಆದರೆ ಇದು ವಯಸ್ಕರಿಗೆಂದು ಬರೆದ ಪುಸ್ತಕ. ಕನ್ನಡಿಗನಾದವನು ಇದನ್ನು ಕಂಡು ಮೂರ್ಛೆ ಹೋಗಬೇಕಾದರೆ ಮೊದಲು ಜನ್ನನನ್ನು ಮರೆಯಬೇಕು. ಮಾವಟಿಗನ ಹಾಡು ಕೇಳಿ ರಾಣಿ ಅಮೃತಮತಿ ಮನಸೋತ ಕಥೆಯನ್ನು 'ಯಶೋಧರ ಚರಿತೆ'ಯಲ್ಲಿ ಬರೆದವನು ಜೈನ ಕವಿ, ಅದೂ 1209ರಲ್ಲಿ. ಅನಕೃ ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬಂದಾಗ ಇದೇ ಗದ್ದಲ ಎದ್ದಿತ್ತು, ಅವರು ಉತ್ತರವಾಗಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಆ ವಾದ ಮತ್ತೆ ಬೇಡ. ನನ್ನನ್ನು ಕೇಳಿದರೆ ಈ ವರ್ಣನೆಗಳ ದೋಷ ಅಶ್ಲೀಲವಲ್ಲ, ಆಯಾಸ. ಪ್ರೇಮಿಗಳು ಕೂಡಿದಾಗ ಪೀಠೋಪಕರಣ ಮುರಿಯುತ್ತದೆ, ಕಿಟಕಿಯಾಚೆ ಸಿಡಿಲು ಬೀಳುತ್ತದೆ. ಅಮೃತಮತಿಗೆ ಒಂದು ಹಾಡು ಸಾಕಾಗಿತ್ತು.

ನನ್ನ ಜಗಳ ಬೇರೆಯದು. ಅದನ್ನು ಹೇಳುವ ಮೊದಲು ನಾನು ಸೋತ ಜಗಳದ ವಿಷಯ ಹೇಳಬೇಕು.

ನನ್ನ ತಂಗಿಯ ಮಗಳಿಗೆ ಚಿಕ್ಕಂದಿನಿಂದ ಕೀಲುನೋವು. ಮೆಟ್ಟಿಲು ಹತ್ತುವಾಗ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಾಳೆ. ಅವಳು ಈ ಪುಸ್ತಕವನ್ನು ಮೂರು ಸಲ ಓದಿದ್ದಾಳೆಂದು ತಿಳಿದು ನಾನು ನಕ್ಕೆ. ಅವಳು ನಗಲಿಲ್ಲ. "ಮಾವ, ನಾಯಕಿ ಬೆಳಿಗ್ಗೆ ಎದ್ದು ಮಂಡಿಗೆ ಪಟ್ಟಿ ಕಟ್ಟಿಕೊಳ್ಳೋ ಕಾದಂಬರಿ ನೀವು ಎಷ್ಟು ಓದಿದೀರ? ಒಂದು ಹೆಸರು ಹೇಳಿ" ಎಂದಳು. ಐವತ್ತು ವರ್ಷ ಓದಿದ ನನಗೆ ಒಂದೂ ಹೊಳೆಯಲಿಲ್ಲ. ನಮ್ಮ ಕಾದಂಬರಿಗಳಲ್ಲಿ ನಾಯಕಿಗೆ ಕ್ಷಯ ಬರುತ್ತದೆ, ಅವಳು ಸಾಯುತ್ತಾಳೆ. ಇಲ್ಲವೆ ವಾಸಿಯಾಗಿ ಮದುವೆಯಾಗುತ್ತಾಳೆ. ನೋವಿನೊಡನೆಯೇ ದಿನ ತೆಗೆಯುವವಳು ಅಪರೂಪ. ಯಾರೋಸ್ ಅವರಿಗೂ ಇದೇ ಬಗೆಯ ವ್ಯಾಧಿ ಇದೆಯಂತೆ, ಅವರೇ ಹೇಳಿಕೊಂಡಿದ್ದಾರೆ. ವಯಲೆಟ್ ಜಾರಿದ ಕೀಲನ್ನು ಕೂರಿಸಿಕೊಳ್ಳುವ ಪುಟಗಳಲ್ಲಿ ಅನುಭವದ ಸತ್ಯವಿದೆ. ಬಲವಿಲ್ಲದ ಅವಳು ತಾನು ಓದಿದ ವಿಷದ ಗಿಡಗಳ ಜ್ಞಾನದಿಂದ ಎದುರಾಳಿಗಳನ್ನು ಕುಗ್ಗಿಸುವುದಂತೂ ಸೊಗಸು. ಅವಳಿಗಾಗಿ ಒಂದು ಜೀನು ಸಿದ್ಧವಾಗುತ್ತದೆ. ಅದರಲ್ಲಿ ನಾಚಿಕೆ ಏನೆಂದು ಕಾದಂಬರಿ ಕೇಳುತ್ತದೆ. ಇದೆಲ್ಲ ಒಳ್ಳೆಯದೇ. ಇಷ್ಟನ್ನು ಒಪ್ಪದವನು ವಿಮರ್ಶಕನಲ್ಲ, ಹಟಮಾರಿ.

ಆದರೆ ಒಬ್ಬ ದುರ್ಬಲ ಹುಡುಗಿಗಾಗಿ ಇಷ್ಟು ಮರುಗುವ ಪುಸ್ತಕ ಉಳಿದ ದುರ್ಬಲರನ್ನು ಏನು ಮಾಡಿತು? ಪ್ರೇಯಸಿಗೆಂದು ಉಂಗುರವನ್ನು ಜೋಪಾನವಾಗಿ ತಂದ ಡಿಲನ್ ಎಂಬ ಹುಡುಗ ಮೊದಲ ದಿನವೇ ಆ ಗೋಡೆಯಿಂದ ಜಾರಿ ಬೀಳುತ್ತಾನೆ. ಆಮೇಲೆ ಅವನು ಪಟ್ಟಿಯ ಒಂದು ಹೆಸರು. ಈ ಶಾಲೆಯಲ್ಲಿ ಬೆಳಗಾದರೆ ಸತ್ತವರ ಹೆಸರು ಓದುವ ಪದ್ಧತಿ. ಓದುತ್ತಾರೆ, ಪಟ್ಟಿ ಮಡಿಸುತ್ತಾರೆ, ಮಕ್ಕಳು ತಿಂಡಿಗೆ ಹೋಗುತ್ತಾರೆ. ಹಾಗೆ ಮರೆಯುವುದೇ ಆ ರಾಜ್ಯದ ಕ್ರೌರ್ಯವೆಂದು ತೋರಿಸಿದ್ದರೆ ನಾನು ಕೈಮುಗಿಯುತ್ತಿದ್ದೆ. ತೋರಿಸುವುದಿಲ್ಲ. ಕಾದಂಬರಿಯೂ ತಿಂಡಿಗೆ ಹೋಗುತ್ತದೆ. ಸತ್ತ ಹುಡುಗರು ನಾಯಕಿಯ ಸಾಹಸಕ್ಕೆ ಬೆಲೆ ಕಟ್ಟುವ ತೂಕದ ಕಲ್ಲುಗಳು, ಅಷ್ಟೆ. ಕೊನೆಯಲ್ಲಿ ಲಿಯಮ್ ಸಾಯುವಾಗ ಮಾತ್ರ ಎಲ್ಲರೂ ಅಳುತ್ತಾರೆ (ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕ್ಷಮೆಯಿರಲಿ), ಏಕೆಂದರೆ ಅವನು ನಾಯಕಿಗೆ ಬೇಕಾದವನು.

ಇದು ಲೇಖಕಿಗೆ ಗೊತ್ತಿಲ್ಲದ ಧರ್ಮಸೂಕ್ಷ್ಮವಲ್ಲ. ಪುಸ್ತಕದ ಅತ್ಯುತ್ತಮ ಸನ್ನಿವೇಶವೇ ಇದಕ್ಕೆ ಸಾಕ್ಷಿ. ಚಿಕ್ಕದೊಂದು ಹೊಂಬಣ್ಣದ ಡ್ರ್ಯಾಗನ್ನನ್ನು, ಬಲವಿಲ್ಲವೆಂಬ ಕಾರಣಕ್ಕೆ, ಮೂವರು ಸಹಪಾಠಿಗಳು ಕೊಲ್ಲಲು ಬರುತ್ತಾರೆ. ವಯಲೆಟ್ ಒಬ್ಬಳೇ ಅಡ್ಡ ನಿಲ್ಲುತ್ತಾಳೆ. ಓದುತ್ತಾ ನನ್ನ ಕಣ್ಣು ತೇವವಾಯಿತು, ಹೇಳಲು ಸಂಕೋಚವಿಲ್ಲ. ಅದರ ಫಲವೇನು? ಹಿರಿಯ ಡ್ರ್ಯಾಗನ್ ಟೇರ್ನ್ ಮೆಚ್ಚಿ ಇವಳನ್ನು ಆರಿಸಿಕೊಳ್ಳುತ್ತದೆ. ಚಿಕ್ಕದೂ ಇವಳದೇ ಆಗುತ್ತದೆ. ಇನ್ನಾರಿಗೂ ಇಲ್ಲದ ಹಾಗೆ ಎರಡೆರಡು; ಮೇಲೆ ಸಿಡಿಲಿನ ಶಕ್ತಿ. ದುರ್ಬಲರ ಪರವಾಗಿ ನಿಂತವಳು ಮಹಾಬಲಶಾಲಿಯಾದಳು, ಕೊಲ್ಲುವ ಶಾಲೆ ಇದ್ದಂತೆಯೇ ಇದೆ. ಗೋಡೆಯನ್ನು ಅಗಲ ಮಾಡಿ ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಸಂಕಟ ನನ್ನ ಸ್ವಂತದ್ದು. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಧೂಳು ಕುಡಿದವನು ನಾನು. ಬೇಡವಾದ ಕಡತ ಹೇಗೆ 'ಸಿಕ್ಕುವುದಿಲ್ಲ' ಎಂಬುದನ್ನು ಬಲ್ಲೆ. ಕಾದಂಬರಿಯ ಕೊನೆಯಲ್ಲಿ ತಿಳಿಯುವುದೇನೆಂದರೆ, ಮಕ್ಕಳ ಕಟ್ಟುಕಥೆಯೆಂದು ಎಲ್ಲರೂ ನಂಬಿದ್ದ ದುಷ್ಟಶಕ್ತಿ ನಿಜ. ರಾಜ್ಯವೇ ಚರಿತ್ರೆಯಿಂದ ಅದನ್ನು ಅಳಿಸಿ ಹಾಕಿದೆ. ಗ್ರಂಥಭಂಡಾರದಲ್ಲಿ ಬೆಳೆದ ಹುಡುಗಿಗೆ ಅಲ್ಲಿನ ಪುಸ್ತಕಗಳೇ ಸುಳ್ಳು ಹೇಳಿದ್ದವು; ಸತ್ಯ ಉಳಿದಿದ್ದದ್ದು ಲಿಪಿಕಾರನಾಗಿದ್ದ ತಂದೆ ಓದಿ ಹೇಳಿದ ಕಟ್ಟುಕಥೆಗಳಲ್ಲಿ. ಎಂಥ ವಸ್ತು! ಇದಕ್ಕೆ ಸಿಕ್ಕಿದ್ದು ಕೊನೆಯ ಕೆಲವು ಅಧ್ಯಾಯ. ಉಳಿದ ಪುಟಗಳಲ್ಲಿ ಝೇಡನ್ನನ ಭುಜದ ಅಗಲವನ್ನು ಎಷ್ಟು ಸಲ ಅಳೆದಿದ್ದಾರೆಂದು ಎಣಿಸಲು ಹೊರಟು ಸೋತೆ. ಮೊದಲ ಪುಟದಲ್ಲಿ, ಈ ಗ್ರಂಥವನ್ನು ನವಾರಿನ ಭಾಷೆಯಿಂದ ತಂದವಳು ಒಬ್ಬ ಲಿಪಿಕಾರಳು ಎಂಬ ಮಾತು ಬೇರೆ ಇದೆ. ಸವಾರರು ಹಾರಿದರು, ಕಥೆಯನ್ನು ಉಳಿಸಿದವಳು ಗುಮಾಸ್ತೆ. ಅವಳ ಕಡೆಗೆ ಕಾದಂಬರಿಯ ಲಕ್ಷ್ಯ ಬಹಳ ಕಡಮೆ.

"ಮನರಂಜನೆಯ ಪುಸ್ತಕಕ್ಕೆ ಇಷ್ಟೆಲ್ಲ ವಿಚಾರಣೆ ಏತಕ್ಕೆ?" ಎಂದು ಕೇಳುವ ಉದಾರಿಗಳಿದ್ದಾರೆ. ಬೈಯುವ ಹಿರಿಯರಿಗಿಂತ ಇವರ ಮೇಲೆ ನನಗೆ ಹೆಚ್ಚು ಕೋಪ. ಹಿರಿಯರು ಪುಸ್ತಕಕ್ಕೆ ಹೆದರುತ್ತಾರೆ. ಇವರಿಗೆ ಅದು ಲೆಕ್ಕಕ್ಕೇ ಇಲ್ಲ. ಲಕ್ಷಾಂತರ ಜನ ರಾತ್ರಿ ದೀಪ ಆರಿಸದೆ ಓದಿದ್ದನ್ನು ಕಡಲೆಕಾಯಿ ಸಿಪ್ಪೆಯಂತೆ ಕಾಣುವುದು ಆ ಓದುಗರಿಗೆ ಮಾಡುವ ಅವಮಾನ. ನನ್ನ ತಂಗಿಯ ಮಗಳು ಅಲ್ಲಿ ತನ್ನ ಮಂಡಿಯ ನೋವನ್ನು ಕಂಡಳು. ಅಷ್ಟು ಕೊಟ್ಟ ಪುಸ್ತಕದಿಂದ ಇನ್ನಷ್ಟು ಕೇಳಬಾರದೆ?

ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಡಿಲನ್ನನ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಉಂಗುರದ ವಿಷಯ ತನಗೆ ಮರೆತೇ ಹೋಗಿತ್ತೆಂದಳು. ಗ್ರಂಥಭಂಡಾರದ ಕಥೆ ಎರಡನೆಯ ಸಂಪುಟದಲ್ಲಿ ಬೆಳೆಯುತ್ತದಂತೆ. "ಅದನ್ನ ಓದದೆ ಬೈಯೋಕೆ ಹೋಗಬೇಡಿ ಮಾವ, ಆ ಹಿರಿಯರ ಥರ" ಎಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನಿನ್ನೆ ರಾತ್ರಿ ಮೂವತ್ತನೆಯ ಪುಟದಲ್ಲಿದ್ದೆ.